ಲೋಬುಚೆಯಲ್ಲಿ ತಪ್ಪಿದ ಮೇಷ್ಟ್ರ ಲೆಕ್ಕ

1ನೇ ದಿನ: ಲುಕ್ಲಾ (2,860 ಮೀಟರ್) – ಫಾಕ್ಡಿಂಗ್ (2,610 ಮೀಟರ್)

ನೇಪಾಳದ ಲುಕ್ಲಾದ ರನ್‌ವೇ ಅರ್ಧ ಕಿಲೋಮೀಟರ್‌ಗಿಂತ ಸ್ವಲ್ಪವೇ ಉದ್ದ. ಅದೂ ಇಳಿಜಾರು. ವಿಮಾನ ಕೆಳತುದಿಯಲ್ಲಿ ನೆಲ ಮುಟ್ಟಿ, ಏರು ಹತ್ತಿ, ಇನ್ನೇನು ಬೆಟ್ಟಕ್ಕೆ ಬಡಿಯಿತು ಅನ್ನುವಷ್ಟರಲ್ಲಿ ನಿಲ್ಲುತ್ತದೆ. ಅದರ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಹೇಳಹೊರಟಿದ್ದು ಬೇರೆ. ಎವರೆಸ್ಟ್ ಬೇಸ್ ಕ್ಯಾಂಪಿನ ಈ ದಾರಿಯಲ್ಲಿ ದೇಹಕ್ಕೆ ಸಿಗುವ ಆಮ್ಲಜನಕ ಹೇಗೆ ಕಡಿಮೆಯಾಗುತ್ತಾ ಹೋಗುತ್ತದೆ, ಆ ಕೊರತೆಗೆ ವೈದ್ಯರು ಇಟ್ಟ ಹೆಸರುಗಳೇನು, ಆ ಹೆಸರುಗಳು ನಡೆಯುವವನಿಗೆ ಯಾವ ಉಪಯೋಗಕ್ಕೆ ಬರುತ್ತವೆ ಅಂತ.

ಗುಂಪಿನ ಇಬ್ಬರನ್ನು ಪರಿಚಯಿಸಿಬಿಡುತ್ತೇನೆ. ಒಬ್ಬರು ಅರಿವಳಿಕೆ ಕೊಡುವ ಡಾಕ್ಟ್ರು. ದಿನವೂ ಆಪರೇಷನ್ ಥಿಯೇಟರಿನಲ್ಲಿ ಮಲಗಿದವರ ಆಮ್ಲಜನಕ ನೋಡಿಕೊಳ್ಳುವುದೇ ಅವರ ಕೆಲಸ. ಇನ್ನೊಬ್ಬರು ನಿವೃತ್ತ ಗಣಿತ ಮೇಷ್ಟ್ರು. ಅವರ ಜೇಬಿನಲ್ಲೊಂದು ನೋಟ್‌ಬುಕ್. ಬೆಳಿಗ್ಗೆ, ರಾತ್ರಿ ಎಲ್ಲರ ಬೆರಳಿಗೂ ಆಕ್ಸಿಮೀಟರ್ ಹಾಕಿ ಅಂಕಿ ಬರೆದುಕೊಳ್ಳುವ ಜವಾಬ್ದಾರಿಯನ್ನು ತಾವೇ ಹೊತ್ತುಕೊಂಡಿದ್ದರು.

ಇಲ್ಲಿ ಗಾಳಿಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಯಾರೋ ಕೇಳಿದರು. "ಸಮುದ್ರದ ದಡದಲ್ಲಿ ಎಷ್ಟೋ ಅಷ್ಟೇ, ಶೇಕಡಾ 21. ಎವರೆಸ್ಟ್ ತುದಿಯಲ್ಲೂ ಅಷ್ಟೇ" ಅಂದರು ಡಾಕ್ಟ್ರು. ಪಾಲು ಅದೇ, ಒತ್ತಡ ಮಾತ್ರ ಕಡಿಮೆ. ಮೇಷ್ಟ್ರು ತಕ್ಷಣ ಪೆನ್ನು ತೆಗೆದರು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಪಾದರಸದ 760 ಮಿಲಿಮೀಟರ್. ಶ್ವಾಸನಾಳದಲ್ಲಿ ಗಾಳಿ ಒದ್ದೆಯಾಗುವಾಗ ನೀರಾವಿ ಅದರಲ್ಲಿ 47 ತಿನ್ನುತ್ತದೆ. ಉಳಿದದ್ದರ ಶೇಕಡಾ 21 ಅಂದರೆ ಸುಮಾರು 150. ಲುಕ್ಲಾದ ಎತ್ತರದಲ್ಲಿ ಇದೇ ಲೆಕ್ಕ 104ರ ಹತ್ತಿರ ಬರುತ್ತದೆ. ಬೇಸ್ ಕ್ಯಾಂಪಿನಲ್ಲಿ 75ರ ಆಸುಪಾಸು, ಅಂದರೆ ಅರ್ಧ. ಎತ್ತರದ ಕಾಯಿಲೆಗೆ ಕಾರಣ ಆಮ್ಲಜನಕದ ಈ ಒತ್ತಡವೇ ಎಂದು ಫ್ರಾನ್ಸಿನ ಪಾಲ್ ಬೆರ್ 1878ರಲ್ಲಿ ತೋರಿಸಿಕೊಟ್ಟ.

ಫಾಕ್ಡಿಂಗ್ ಲುಕ್ಲಾಕ್ಕಿಂತ ಕೆಳಗಿದೆ. ದೂಧ್ ಕೋಸಿ ನದಿಯ ಪಕ್ಕದಲ್ಲಿ ಆರಾಮಾಗಿ ಇಳಿದು ಹೋದೆವು.

2ನೇ ದಿನ: ನಾಮ್ಚೆ ಬಜಾರ್ (3,440 ಮೀಟರ್)

ಎತ್ತರದ ತೂಗುಸೇತುವೆ ದಾಟಿದ ಮೇಲೆ ನಾಮ್ಚೆವರೆಗೂ ಬರೀ ಏರು. ನಾವು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರೆ, ಹಣೆಗೆ ಪಟ್ಟಿ ಕಟ್ಟಿ ಡೋಕೋ ಬುಟ್ಟಿ ಹೊತ್ತ ಪೋರ್ಟರುಗಳು ಪಕ್ಕದಲ್ಲೇ ದಾಟಿಕೊಂಡು ಹೋಗುತ್ತಿದ್ದರು. ಮೇಲಿನ ಹಳ್ಳಿಗಳಿಗೆ ಅಕ್ಕಿಯಿಂದ ಗ್ಯಾಸ್ ಸಿಲಿಂಡರಿನವರೆಗೆ ಎಷ್ಟೋ ಸಾಮಾನು ಹೀಗೆ ಬೆನ್ನ ಮೇಲೆಯೇ ಹೋಗಬೇಕು.

ಚಹಾಕ್ಕೆ ಕೂತಾಗ ಡಾಕ್ಟ್ರು ಆ ಪೋರ್ಟರುಗಳನ್ನೇ ತೋರಿಸಿ ಪಾಠ ಶುರುಮಾಡಿದರು. "ಮೇಲಿನ ಲಾಡ್ಜಿಗೆ ಅಕ್ಕಿ ಸಿಕ್ಕಿಲ್ಲ ಅಂದ್ಕೊಳ್ಳಿ. ಯಾಕೆ ಸಿಕ್ಕಿಲ್ಲ? ನಾಲ್ಕು ಕಾರಣ ಇರಬಹುದು."

ಮೊದಲನೆಯದು, ಲುಕ್ಲಾದಲ್ಲೇ ಅಕ್ಕಿ ಇಲ್ಲ. ಪೋರ್ಟರುಗಳು ಇದ್ದಾರೆ, ಬುಟ್ಟಿ ತುಂಬಿಲ್ಲ. ಬೆಟ್ಟದ ಮೇಲೆ ಆಗುವುದು ಇದು. ನ್ಯುಮೋನಿಯಾದಲ್ಲಿ ಆಗುವುದೂ ಬಹುಮಟ್ಟಿಗೆ ಇದೇ. ರಕ್ತದಲ್ಲೇ ಆಮ್ಲಜನಕ ಕಡಿಮೆ ಇರುವ ಈ ಸ್ಥಿತಿಗೆ ಹೈಪಾಕ್ಸೀಮಿಯಾ ಅನ್ನುತ್ತಾರೆ. ಎರಡನೆಯದು, ಅಕ್ಕಿ ಬೇಕಾದಷ್ಟಿದೆ, ಹೊರುವವರು ಸಾಲದು. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಹೀಗೆ. ಇದು ಅನೀಮಿಕ್ ಹೈಪಾಕ್ಸಿಯಾ. ಮೂರನೆಯದು, ಅಕ್ಕಿಯೂ ಇದೆ, ಪೋರ್ಟರುಗಳೂ ಇದ್ದಾರೆ, ದಾರಿ ಕುಸಿದಿದೆ ಅಥವಾ ಯಾರೂ ನಡೆಯುತ್ತಿಲ್ಲ. ಹೃದಯ ಸರಿಯಾಗಿ ಪಂಪ್ ಮಾಡದಿದ್ದರೆ ಇಡೀ ದೇಹಕ್ಕೆ ಈ ಗತಿ. ಅದು ಸ್ಟ್ಯಾಗ್ನಂಟ್ ಹೈಪಾಕ್ಸಿಯಾ. ಒಂದೇ ಅಂಗದ ರಕ್ತನಾಳ ಕಟ್ಟಿಕೊಂಡರೆ ಅದಕ್ಕೆ ಇಸ್ಕೀಮಿಯಾ ಎಂಬ ಬೇರೆ ಹೆಸರಿದೆ. ಹಾರ್ಟ್ ಅಟ್ಯಾಕಿನಲ್ಲಿ ನಡೆಯುವುದು ಇದೇ. ನಾಲ್ಕನೆಯದು ವಿಚಿತ್ರ. ಅಕ್ಕಿ ಲಾಡ್ಜಿನ ಬಾಗಿಲಿಗೇ ಬಂದಿದೆ, ಒಳಗೆ ಒಲೆ ಹತ್ತುತ್ತಿಲ್ಲ. ಸಯನೈಡ್ ವಿಷದಲ್ಲಿ ಜೀವಕೋಶಗಳಿಗೆ ಆಮ್ಲಜನಕವನ್ನು ಬಳಸಲಿಕ್ಕೇ ಆಗುವುದಿಲ್ಲ. ಅದು ಹಿಸ್ಟೋಟಾಕ್ಸಿಕ್ ಹೈಪಾಕ್ಸಿಯಾ.

ನಾಲ್ಕರಲ್ಲೂ ಕೊನೆಗೆ ಉಪವಾಸ ಬೀಳುವುದು ಜೀವಕೋಶ. ಆ ಉಪವಾಸವೇ ಹೈಪಾಕ್ಸಿಯಾ. ಮೊದಲ ಮೂರು ಬಗೆಗಳನ್ನು 1920ರಲ್ಲಿ ವಿಂಗಡಿಸಿ ಹೇಳಿದವನು ಜೋಸೆಫ್ ಬಾರ್‌ಕ್ರಾಫ್ಟ್. ನಾಲ್ಕನೆಯದು ಆಮೇಲೆ ಸೇರಿತು.

"ಹಾಗಾದರೆ ನನ್ನ ಈ ಯಂತ್ರ ಯಾವುದನ್ನು ಅಳೆಯುತ್ತೆ?" ಮೇಷ್ಟ್ರು ಕೇಳಿದರು.

"ಬುಟ್ಟಿ ಎಷ್ಟು ತುಂಬಿದೆ ಅನ್ನೋದನ್ನ ಮಾತ್ರ, ಮೇಷ್ಟ್ರೇ. ಉಳಿದ ಮೂರು ಅದಕ್ಕೆ ಗೊತ್ತಾಗಲ್ಲ."

ಮೇಷ್ಟ್ರಿಗೆ ಈ ಉತ್ತರ ಅಷ್ಟು ಹಿಡಿಸಲಿಲ್ಲ. ಅವತ್ತಿನ ರಾತ್ರಿ ಅವರ ಅಂಕಿ 91, ನನ್ನದು 88.

3ನೇ ದಿನ: ನಾಮ್ಚೆಯಲ್ಲೇ

ವಿಶ್ರಾಂತಿ ದಿನ ಅಂತ ಹೆಸರು. ಗೈಡ್ ದಾಯಿ (ನೇಪಾಳಿಯಲ್ಲಿ ಅಣ್ಣ ಅಂತ) ಬೆಳಿಗ್ಗೆಯೇ ಎಬ್ಬಿಸಿ 3,880 ಮೀಟರ್ ಎತ್ತರದ ಎವರೆಸ್ಟ್ ವ್ಯೂ ಹೋಟೆಲಿನವರೆಗೆ ಹತ್ತಿಸಿ ವಾಪಸ್ ಕರೆತಂದರು. ಎತ್ತರಕ್ಕೆ ಹತ್ತು, ತಗ್ಗಿನಲ್ಲಿ ಮಲಗು ಅನ್ನುವುದು ಇಲ್ಲಿನ ನಿಯಮ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಹೀಗೆ ತಂಗಬೇಕು.

ಹೋಟೆಲಿನ ಮುಂದೆ ಕೂತು ಎವರೆಸ್ಟ್, ಲೋತ್ಸೆ, ಅಮಾ ದಬ್ಲಮ್ ನೋಡುತ್ತಿದ್ದಾಗ ನನಗೊಂದು ಅನುಮಾನ ಬಂತು. ಆಮ್ಲಜನಕ ಇಷ್ಟು ಕಡಿಮೆ ಇದ್ದರೂ ಕೂತಾಗ ಉಸಿರು ಕಟ್ಟಿದ ಹಾಗೆ ಯಾಕೆ ಅನ್ನಿಸುತ್ತಿಲ್ಲ?

ಡಾಕ್ಟ್ರ ಉತ್ತರ ನನಗೆ ಇಡೀ ಪ್ರವಾಸದಲ್ಲೇ ಮುಖ್ಯ ಅನ್ನಿಸಿದ ಮಾತು. ಉಸಿರು ಬಿಗಿಹಿಡಿದಾಗ ಆಗುವ ಆ ಒದ್ದಾಟ ಬಹುಪಾಲು ಬರುವುದು ಇಂಗಾಲದ ಡೈಆಕ್ಸೈಡ್ ಏರುವುದರಿಂದ. ಕತ್ತು ಹಿಸುಕಿದಾಗ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಈ ಜೋಡಿ ಪೆಟ್ಟಿಗೆ ಅಸ್ಫಿಕ್ಸಿಯಾ ಅನ್ನುತ್ತಾರೆ. ಬೆಟ್ಟದ ಮೇಲೆ ಹಾಗಲ್ಲ. ಕತ್ತಿನ ರಕ್ತನಾಳ ಕವಲೊಡೆಯುವಲ್ಲಿರುವ ಪುಟ್ಟ ಕ್ಯಾರೋಟಿಡ್ ಬಾಡಿಗಳು ಆಮ್ಲಜನಕ ಇಳಿದದ್ದನ್ನು ಪತ್ತೆಹಚ್ಚಿ ಜಾಸ್ತಿ ಉಸಿರಾಡಿಸುತ್ತವೆ. ಹಾಗೆ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿ ರಕ್ತದಲ್ಲಿ ಕಡಿಮೆಯಾಗಿಬಿಡುತ್ತದೆ. ಇದು ಹೈಪೋಕ್ಯಾಪ್ನಿಯಾ. ಗಾಬರಿಯ ಗಂಟೆ ಬಾರಿಸಬೇಕಾದದ್ದೇ ಕಡಿಮೆಯಾಗುತ್ತದೆ. ಆಮ್ಲಜನಕದ ಕೊರತೆ ತಾನಾಗಿ ಕೂಗಿ ಹೇಳುವುದಿಲ್ಲ. 2020ರಲ್ಲಿ ಕೋವಿಡ್ ರೋಗಿಗಳು ಅಂಕಿ ಪಾತಾಳಕ್ಕೆ ಇಳಿದಿದ್ದರೂ ಫೋನಿನಲ್ಲಿ ಮಾತಾಡಿಕೊಂಡು ಕೂತಿರುತ್ತಿದ್ದದ್ದು ನೆನಪಿದೆಯಲ್ವಾ? ಹ್ಯಾಪಿ ಹೈಪಾಕ್ಸಿಯಾ ಅಂತ ಹೆಸರು ಬಂದದ್ದು ಹಾಗೆ. ಡಾಕ್ಟ್ರಿಗೆ ಆ ಹೆಸರು ಕಂಡರಾಗುವುದಿಲ್ಲ. "ಅದರಲ್ಲಿ ಹ್ಯಾಪಿ ಏನಿದೆ, ಹೇಳಿ?" ಅಂದರು.

ಉಸಿರಾಟ ಜಾಸ್ತಿಯಾದರೆ ರಕ್ತ ಕ್ಷಾರೀಯವಾಗುತ್ತದೆ. ಅದನ್ನು ಸರಿದೂಗಿಸಲು ಮೂತ್ರಪಿಂಡ ಬೈಕಾರ್ಬನೇಟನ್ನು ಹೊರಹಾಕುತ್ತದೆ. ಇಲ್ಲಿ ಎಲ್ಲರೂ ರಾತ್ರಿಯಿಡೀ ಟಾರ್ಚ್ ಹಿಡಿದು ಶೌಚಾಲಯಕ್ಕೆ ಓಡಾಡುವುದಕ್ಕೆ ಅದೂ ಒಂದು ಕಾರಣ. ಮೂತ್ರಪಿಂಡಕ್ಕೆ ದಿನಗಟ್ಟಲೆ ಹಿಡಿಯುವ ಈ ಕೆಲಸವನ್ನು ಅಸಿಟಜೋಲಮೈಡ್ ಮಾತ್ರೆ ಬೇಗ ಮಾಡಿಸುತ್ತದೆ. ಡೈಮಾಕ್ಸ್ ಅಂದರೆ ಎಲ್ಲರಿಗೂ ಗೊತ್ತು. ನಾನು ಡಾಕ್ಟ್ರು ಹೇಳಿದಂತೆ ಬೆಳಿಗ್ಗೆ ರಾತ್ರಿ 125 ಮಿಲಿಗ್ರಾಂ ನುಂಗುತ್ತಿದ್ದೆ. ಬೆರಳ ತುದಿ ಜುಮುಜುಮು ಅನ್ನುತ್ತಿತ್ತು, ಸೋಡಾ ಸಪ್ಪೆ ಹೊಡೆಯುತ್ತಿತ್ತು. ಮೇಷ್ಟ್ರು ಮಾತ್ರೆ ಬೇಡವೆಂದರು. "91 ಇದೆಯಲ್ಲ, ಸುಮ್ನೆ ಯಾಕೆ?"

4 ಮತ್ತು 5ನೇ ದಿನ: ಟೆಂಗ್‌ಬೋಚೆ, ದಿಂಗ್‌ಬೋಚೆ (4,410 ಮೀಟರ್)

ಟೆಂಗ್‌ಬೋಚೆಯ ಮಠಕ್ಕೆ ಮಂಜು ಮುಸುಕಿತ್ತು. ಸಂಜೆಯ ಪ್ರಾರ್ಥನೆ ಕೇಳಿ ಮಲಗಿದೆವು. ಮರುದಿನ ಪಾಂಗ್‌ಬೋಚೆ ದಾಟಿದ ಮೇಲೆ ಮರಗಳು ಮುಗಿದವು, ಗಾಳಿ ಶುರುವಾಯಿತು.

ದಿಂಗ್‌ಬೋಚೆಯ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಪಕ್ಕದ ಮಂಚದಲ್ಲಿ ಮೇಷ್ಟ್ರ ಉಸಿರು ಮೆಲ್ಲಗೆ ಶುರುವಾಗಿ, ಜೋರಾಗಿ, ಮತ್ತೆ ಇಳಿದು, ಪೂರ್ತಿ ನಿಂತೇಬಿಡುತ್ತಿತ್ತು. ನಾನು ಎದ್ದು ಕೂರುವಷ್ಟರಲ್ಲಿ ದೊಡ್ಡದೊಂದು ಉಸಿರೆಳೆದು ಮತ್ತೆ ಮೊದಲಿನಿಂದ ಶುರು. ಪೀರಿಯಾಡಿಕ್ ಬ್ರೀದಿಂಗ್ ಅಂದರೆ ಇದು. ಹೃದಯ ತೀರಾ ಸೋತವರಲ್ಲಿ ಕಾಣುವ ಚೇನ್-ಸ್ಟೋಕ್ಸ್ ಉಸಿರಾಟದ ನೆಂಟ. ಆಮ್ಲಜನಕ ಕಡಿಮೆಯಾಯಿತೆಂದು ಜೋರಾಗಿ ಉಸಿರಾಡುತ್ತೇವೆ, ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಉಸಿರಾಡುವ ತುರ್ತು ಹೋಗುತ್ತದೆ, ಉಸಿರು ನಿಲ್ಲುತ್ತದೆ. ಅದು ಮತ್ತೆ ಏರಿದಾಗ ಉಸಿರೂ ವಾಪಸ್. ಈ ಎತ್ತರದಲ್ಲಿ ಬಹುತೇಕ ಆರೋಗ್ಯವಂತರಿಗೂ ಹೀಗಾಗುತ್ತದೆ. ನೋಡಲು ಭಯಂಕರ, ಅಪಾಯ ಕಡಿಮೆ. ನಿದ್ದೆ ಬರಲೆಂದು ಇಲ್ಲಿ ನಿದ್ದೆ ಮಾತ್ರೆ ನುಂಗುವುದು ಮಾತ್ರ ಅಪಾಯ. ಕೆಲವು ಮಾತ್ರೆಗಳು ಉಸಿರಾಟವನ್ನೇ ತಗ್ಗಿಸುತ್ತವೆ.

6ನೇ ದಿನ: ದಿಂಗ್‌ಬೋಚೆಯಿಂದ ಫೆರಿಚೆಗೆ ಹೋಗಿ ಬಂದದ್ದು

ಮತ್ತೊಂದು ತಂಗುವ ದಿನ. ಬೆನ್ನಿನಂಥ ಗುಡ್ಡ ದಾಟಿದರೆ ಆಚೆ ಕಣಿವೆಯಲ್ಲಿ ಫೆರಿಚೆ. ಅಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾ ಕೇಂದ್ರವಿದೆ. ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಚಾರಣದ ಋತುವಿನಲ್ಲಿ ಸ್ವಯಂಸೇವಕ ವೈದ್ಯರು ಅಲ್ಲಿದ್ದು, ಮಧ್ಯಾಹ್ನದ ಹೊತ್ತು ಎತ್ತರದ ಕಾಯಿಲೆಗಳ ಬಗ್ಗೆ ಮಾತಾಡುತ್ತಾರೆ. ಈ ದಾರಿ ಹಿಡಿದವರು ತಪ್ಪಿಸಬಾರದ ಒಂದು ಗಂಟೆ ಅದು.

ಅಲ್ಲಿ ಕೇಳಿದ ಮೂರು ಹೆಸರುಗಳನ್ನು ನೆನಪಿಡಬೇಕು. ಮೊದಲನೆಯದು ಎಎಂಎಸ್, ಅಂದರೆ ಅಕ್ಯೂಟ್ ಮೌಂಟನ್ ಸಿಕ್ನೆಸ್. ತಲೆನೋವು, ಅದರ ಜೊತೆಗೆ ವಾಕರಿಕೆ, ಸುಸ್ತು, ತಲೆಸುತ್ತು. ಕುಡಿದ ಮರುದಿನದ ಬೆಳಗಿನಂತೆ ಇರುತ್ತದೆ. ಎರಡನೆಯದು ಹೇಪ್, ಶ್ವಾಸಕೋಶದಲ್ಲಿ ನೀರು ತುಂಬುವುದು. ಗಾಳಿ ಸರಿಯಾಗಿ ಬಾರದ ಮೂಲೆಗೆ ರಕ್ತ ಯಾಕೆ ಕಳಿಸಬೇಕು ಅಂತ ಶ್ವಾಸಕೋಶ ಅಲ್ಲಿನ ರಕ್ತನಾಳವನ್ನು ಬಿಗಿಯುತ್ತದೆ. ನ್ಯುಮೋನಿಯಾ ಬಂದಾಗ ಇದು ಜಾಣತನ. ಬೆಟ್ಟದ ಮೇಲೆ ಎಲ್ಲ ಮೂಲೆಗಳಲ್ಲೂ ಆಮ್ಲಜನಕ ಕಡಿಮೆ, ಆದ್ದರಿಂದ ಎಲ್ಲೆಡೆ ಬಿಗಿತ, ಅದೂ ಒಂದೊಂದು ಕಡೆ ಒಂದೊಂದು ಥರ. ಬಿಗಿಯದೆ ಉಳಿದ ಕಡೆ ರಕ್ತ ನುಗ್ಗಿ, ಒತ್ತಡಕ್ಕೆ ನೀರು ಸೋರುತ್ತದೆ. ಕೂತಾಗಲೂ ಏದುಸಿರು, ಕೆಮ್ಮು, ತುಟಿ ನೀಲಿ. ಬಹಳ ಕಾಲ ಇದನ್ನು ನ್ಯುಮೋನಿಯಾ ಅಂದುಕೊಂಡಿದ್ದರು. 1960ರಲ್ಲಿ ಚಾರ್ಲ್ಸ್ ಹ್ಯೂಸ್ಟನ್ ಬರೆದ ಲೇಖನದ ನಂತರ ವೈದ್ಯಲೋಕ ಬೇರೆಯದೇ ಕಾಯಿಲೆ ಎಂದು ಗುರುತಿಸಿತು. 1962ರ ಯುದ್ಧದ ಹೊತ್ತಿಗೆ ತಗ್ಗು ಪ್ರದೇಶದಿಂದ ನೇರ ಹಿಮಾಲಯಕ್ಕೆ ಏರಿಸಿದ ಭಾರತೀಯ ಸೈನಿಕರಲ್ಲಿ ಎತ್ತರದ ಈ ಕಾಯಿಲೆಗಳನ್ನು ದೊಡ್ಡ ಪ್ರಮಾಣದಲ್ಲಿ ಕಂಡು, ಅಧ್ಯಯನ ಮಾಡಿ ಬರೆದವರು ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಅವರ ಜೊತೆಗಾರರು.

ಮೂರನೆಯದು ಹೇಸ್, ಮಿದುಳು ಊದಿಕೊಳ್ಳುವುದು. ಗುರುತು ಎರಡು: ಬುದ್ಧಿ ಮಂಕಾಗುವುದು, ನಡಿಗೆ ತಪ್ಪುವುದು. ನಡಿಗೆ ತಪ್ಪುವುದಕ್ಕೆ ಅಟಾಕ್ಸಿಯಾ ಅನ್ನುತ್ತಾರೆ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಗೆರೆ ಮೇಲೆ ನಡೆಯಲು ಹೇಳಿ ಪರೀಕ್ಷಿಸುತ್ತಾರೆ.

ಒಬ್ಬ ಚಾರಣಿಗ, ಅಂಕಿ ಎಷ್ಟಕ್ಕಿಂತ ಕಡಿಮೆಯಾದರೆ ಅಪಾಯ ಅಂತ ಕೇಳಿದ. ಅಂಥ ಗೆರೆ ಇಲ್ಲ, ಮನುಷ್ಯನನ್ನು ನೋಡಿ ಅಂದರು ಅಲ್ಲಿನ ವೈದ್ಯೆ. ಬೆರಳು ತಣ್ಣಗಿದ್ದರೆ ಯಂತ್ರ ತಡವರಿಸುತ್ತದೆ. ಕಪ್ಪು ಚರ್ಮದವರಲ್ಲಿ ಇದ್ದದ್ದಕ್ಕಿಂತ ಜಾಸ್ತಿ ತೋರಿಸಬಹುದು. ಮುಚ್ಚಿದ ಟೆಂಟಿನಲ್ಲಿ ಸ್ಟವ್ ಹಚ್ಚಿ ಕಾರ್ಬನ್ ಮೊನಾಕ್ಸೈಡ್ ಸೇವಿಸಿದವನ ಬೆರಳಿನಲ್ಲಿ 98 ಕೂಡ ಕಾಣಬಹುದು. ಹಿಮೋಗ್ಲೋಬಿನ್ ಹಿಡಿದಿರುವುದು ಆಮ್ಲಜನಕವೋ ವಿಷವೋ ಅಂತ ಮಾಮೂಲಿ ಆಕ್ಸಿಮೀಟರಿಗೆ ತಿಳಿಯುವುದಿಲ್ಲ. ತುಟಿ ನೀಲಿಯಾಗುವುದನ್ನೂ, ಅಂದರೆ ಸಯನೋಸಿಸ್ಸನ್ನೂ, ಪೂರ್ತಿ ನಂಬುವಂತಿಲ್ಲ. ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ ಒಂದು ಮಟ್ಟಕ್ಕೆ ಬಂದಾಗಲೇ ನೀಲಿ ಕಾಣುವುದು. ರಕ್ತಹೀನತೆ ಇದ್ದವರು ನೀಲಿಯಾಗದೆಯೇ ಸಾಯಬಹುದು.

ವಾಪಸ್ ಬರುವಾಗ ಮೇಷ್ಟ್ರು ಮೌನವಾಗಿದ್ದರು. ಉಪನ್ಯಾಸದ ಪ್ರಭಾವ ಅಂದುಕೊಂಡೆವು.

7ನೇ ದಿನ: ಲೋಬುಚೆ (4,940 ಮೀಟರ್)

ಥುಕ್ಲಾದ ಏರು ಮುಗಿದ ಕೂಡಲೇ ಎವರೆಸ್ಟಿನಲ್ಲಿ ಸತ್ತವರ ನೆನಪಿಗೆ ಕಟ್ಟಿದ ಕಲ್ಲುಗುಡ್ಡೆಗಳು. ಎಲ್ಲರೂ ನಿಂತು ಹೆಸರು ಓದಿದರು. ಮೇಷ್ಟ್ರು ಬ್ಯಾಗಿಗೆ ಒರಗಿ ಕೂತರು.

ಮಧ್ಯಾಹ್ನ ಲಾಡ್ಜ್ ತಲುಪಿ, ಬೆರಣಿ ಒಲೆಯ ಸುತ್ತ ಸೇರಿ, ಎಂದಿನಂತೆ ಬೆರಳು ಚಾಚಿದೆವು. ಮೇಷ್ಟ್ರು 83. ನಾನು 79. ಲೆಕ್ಕದ ಪ್ರಕಾರ ನನ್ನ ಬಗ್ಗೆಯೇ ಎಲ್ಲರೂ ಯೋಚಿಸಬೇಕಿತ್ತು. ನನಗೆ ಹಸಿವೂ ಇತ್ತು, ತಮಾಷೆ ಮಾಡುವ ಮನಸ್ಸೂ ಇತ್ತು. ಮೇಷ್ಟ್ರು ಸೂಪ್ ಮುಟ್ಟಲಿಲ್ಲ. ಹೊರಗೆ ಹೋಗಿ ವಾಂತಿ ಮಾಡಿ ಬಂದು, "ಏನಿಲ್ಲ, ಬೆಳಿಗ್ಗೆಯ ಮೊಟ್ಟೆ" ಅಂದರು.

ಡಾಕ್ಟ್ರು ಸುಮ್ಮನೆ ನೋಟ್‌ಬುಕ್ ಎಳೆದುಕೊಂಡು ನೋಡಿದರು. ಅವತ್ತಿನ ಅಂಕಿಗಳೆಲ್ಲ ಒಂದೊಂದು ಸಾಲು ಕೆಳಗೆ ಜಾರಿದ್ದವು. ನನ್ನ ಹೆಸರಿನ ಮುಂದೆ ಡಾಕ್ಟ್ರ ಅಂಕಿ, ಡಾಕ್ಟ್ರ ಮುಂದೆ ಇನ್ನೊಬ್ಬರದು. ಕೆಳಗೆ ಹಾಕಿದ ಸರಾಸರಿ 96. ನಮ್ಮಲ್ಲಿ ಯಾರೂ 86 ದಾಟಿರಲಿಲ್ಲ.

"ಮೇಷ್ಟ್ರೇ, ಈ ಹಲಗೆಯ ಗೆರೆ ಮೇಲೆ ಸ್ವಲ್ಪ ನಡೀತೀರಾ?"

"ನನಗೇನಾಗಿದೆ?" ಅನ್ನುತ್ತಲೇ ಎದ್ದರು. ಮೂರನೆಯ ಹೆಜ್ಜೆಗೆ ಎಡಕ್ಕೆ ವಾಲಿ ಮೇಜು ಹಿಡಿದುಕೊಂಡರು. ದಿಂಗ್‌ಬೋಚೆಯ ಮೊದಲ ರಾತ್ರಿಯಿಂದಲೇ ತಲೆನೋವಿತ್ತು ಅಂತ ಆಗ ಬಾಯಿಬಿಟ್ಟರು.

ಮುಂದಿನದೆಲ್ಲ ಚಕಚಕ ನಡೆಯಿತು. ಡಾಕ್ಟ್ರು 8 ಮಿಲಿಗ್ರಾಂ ಡೆಕ್ಸಾಮೆಥಸೋನ್ ಕೊಟ್ಟರು. ಗೈಡ್ ದಾಯಿ ಸಣ್ಣ ಆಕ್ಸಿಜನ್ ಸಿಲಿಂಡರ್ ತೆಗೆದು ಮಾಸ್ಕ್ ಕಟ್ಟಿದರು, ಕುದುರೆಯೊಂದನ್ನು ಹೊಂದಿಸಿದರು. ಬೆಳಿಗ್ಗೆವರೆಗೆ ನೋಡೋಣ ಅಂದ ಒಬ್ಬರಿಗೆ ಡಾಕ್ಟ್ರು ಉತ್ತರವನ್ನೇ ಕೊಡಲಿಲ್ಲ. ಹೇಸ್‌ಗೆ ನಿಜವಾದ ಔಷಧಿ ಇಳಿಯುವುದೊಂದೇ. ಉಳಿದದ್ದೆಲ್ಲ ಇಳಿಯುವವರೆಗೆ ಕಾಲ ತಳ್ಳುವುದಕ್ಕೆ. ಬೆಳಕಿರುವಾಗಲೇ ಮೇಷ್ಟ್ರು, ಡಾಕ್ಟ್ರು, ದಾಯಿ ಫೆರಿಚೆಯ ದಾರಿ ಹಿಡಿದರು. ಕುದುರೆ ಮೇಲೆ ಕೂತ ಮೇಷ್ಟ್ರು, ಬೇಸ್ ಕ್ಯಾಂಪ್ ಈ ಕಡೆ ಅಲ್ಲವಲ್ಲ ಅಂತ ಜಗಳ ತೆಗೆಯುತ್ತಿದ್ದರು.

8ನೇ ದಿನ: ಗೋರಕ್ ಶೆಪ್ (5,164 ಮೀಟರ್), ಬೇಸ್ ಕ್ಯಾಂಪ್ (5,364 ಮೀಟರ್)

ಮೇಷ್ಟ್ರ ತಲೆ ತಿಳಿಯಾಗಿದೆ, ಗಂಜಿ ಕುಡಿದರು ಅಂತ ಬೆಳಿಗ್ಗೆ ಫೋನ್ ಬಂತು. ಕಿರಿಯ ಗೈಡ್ ಜೊತೆ ಉಳಿದವರು ಮುಂದೆ ಹೊರಟೆವು.

ಬೇಸ್ ಕ್ಯಾಂಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಕ್ಟೋಬರಿನಲ್ಲಿ ಅಲ್ಲಿ ಕಲ್ಲು, ಮಂಜುಗಡ್ಡೆ, ಫೋಟೋಕ್ಕೆ ಸಾಲು ಇಷ್ಟೇ. ಎವರೆಸ್ಟ್ ತುದಿ ಕಾಣುವುದೂ ಇಲ್ಲ.

ಗೋರಕ್ ಶೆಪ್‌ನ ಊಟದ ಕೋಣೆಯಲ್ಲಿ ನನ್ನ ಅಂಕಿ 74. ಒಂದೇ ದಿನದಲ್ಲಿ ಐದು ಕಡಿಮೆ. ಹಿಮೋಗ್ಲೋಬಿನ್ನಿನ ಸ್ವಭಾವವೇ ಹೀಗೆ. ರಕ್ತದಲ್ಲಿನ ಆಮ್ಲಜನಕದ ಒತ್ತಡ ಸುಮಾರು 100ರಿಂದ 60ಕ್ಕೆ ಇಳಿದರೂ ಅದು ಶೇಕಡಾ 90ರಷ್ಟು ತುಂಬಿಯೇ ಇರುತ್ತದೆ. 60ರ ಕೆಳಗೆ ಮಾತ್ರ ಜಾರುಬಂಡೆ. 40ಕ್ಕೆ ಬಂದಾಗ 75. ಎತ್ತರದಲ್ಲಿರುವವನು ಆ ಜಾರುಬಂಡೆಯ ಮೇಲೇ ಕೂತಿರುತ್ತಾನೆ. ಒಂದು ಕೆಮ್ಮು, ಒಂದು ನೆಗಡಿ ಸಾಕು.

ಅವತ್ತು ರಾತ್ರಿ 1875ರ ಝೆನಿತ್ ಬಲೂನಿನ ಕಥೆ ತಲೆಯಲ್ಲಿ ಸುತ್ತುತ್ತಿತ್ತು. ಪ್ಯಾರಿಸ್ಸಿನಿಂದ ಮೂವರು 8,000 ಮೀಟರ್ ದಾಟಿ ಏರಿದರು. ಆಕ್ಸಿಜನ್ ಚೀಲಗಳು ಪಕ್ಕದಲ್ಲೇ ಇದ್ದವು. ಕೈ ಎತ್ತಿ ಕೊಳವೆ ಬಾಯಿಗಿಡಲು ಆಗಲಿಲ್ಲ. ಕ್ರೋಸೆ-ಸ್ಪಿನೆಲ್ಲಿ, ಸಿವೆಲ್ ಸತ್ತರು. ಬದುಕಿ ಬಂದ ಟಿಸಾಂಡಿಯೆ, ಅಲ್ಲಿ ನೋವೇನೂ ಆಗಲಿಲ್ಲ, ಒಳಗೊಳಗೇ ಒಂದು ಸಂತೋಷ ಇತ್ತು ಅಂತ ಬರೆದ. ಮೇಷ್ಟ್ರ ಸರಾಸರಿ 96 ಅದೇ ಜಾತಿಯದು.

9ನೇ ದಿನ: ಕಾಲಾ ಪತ್ಥರ್, ಮತ್ತೆ ಫೆರಿಚೆ

ಕತ್ತಲಲ್ಲೇ ಕಾಲಾ ಪತ್ಥರ್ ಹತ್ತಿದೆವು. 5,500 ಮೀಟರ್ ಮೇಲೆ ಒಂದು ಹೆಜ್ಜೆಗೆ ಎರಡು ಉಸಿರು. ಸೂರ್ಯ ಎವರೆಸ್ಟಿನ ಹಿಂದಿನಿಂದ ಬಂದ. ಆ ತುದಿಯಲ್ಲಿ ಗಾಳಿಯ ಒತ್ತಡ 253 ಮಿಲಿಮೀಟರ್ ಅಂತ 1981ರಲ್ಲಿ ಅಳೆದಿದ್ದಾರೆ. ಲೆಕ್ಕ ಹಾಕಿದರೆ ಉಸಿರಿಗೆ ಸಿಗುವುದು 43, ಸಮುದ್ರಮಟ್ಟದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಹಾಗಿದ್ದೂ 1978ರಲ್ಲಿ ಮೆಸ್ನರ್, ಹಾಬೆಲರ್ ಸಿಲಿಂಡರ್ ಇಲ್ಲದೆ ಅಲ್ಲಿ ನಿಂತರು. 2007ರಲ್ಲಿ ಬ್ರಿಟಿಷ್ ವೈದ್ಯರ ತಂಡವೊಂದು ತುದಿಯಿಂದ ಇಳಿಯುವಾಗ 8,400 ಮೀಟರಿನಲ್ಲಿ ತೊಡೆಯ ಅಪಧಮನಿಯಿಂದ ರಕ್ತ ತೆಗೆದು ಅಳೆಯಿತು. ನಾಲ್ವರ ಸರಾಸರಿ ಒತ್ತಡ 24.6. ಆಸ್ಪತ್ರೆಯಲ್ಲಿ ಈ ಅಂಕಿ ಕಂಡರೆ ಎಲ್ಲರೂ ಓಡಿ ಬರುತ್ತಾರೆ. ಅವರು ನಡೆದಾಡುತ್ತಿದ್ದರು, ಸೂಜಿ ಚುಚ್ಚುತ್ತಿದ್ದರು. ವಾರಗಟ್ಟಲೆ ಮೆಲ್ಲಗೆ ಏರಿದ್ದರ ಫಲ ಅದು. ಸಮುದ್ರಮಟ್ಟದಿಂದ ಒಮ್ಮೆಲೇ ಅಲ್ಲಿಗೆ ಒಯ್ದು ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ.

ಸಂಜೆ ಫೆರಿಚೆಯಲ್ಲಿ ಮೇಷ್ಟ್ರು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಲೋಬುಚೆಯ ಪುಟವನ್ನು ತೋರಿಸಿದಾಗ ನಂಬಲೇ ಇಲ್ಲ. "ಇದು ನನ್ನ ಕೈಬರಹ ಹೌದು. ಆದರೆ ನಾನು ಹೀಗೆ ಬರೆಯೋನಲ್ಲ."

10ನೇ ದಿನ: ನಾಮ್ಚೆ

ಇಳಿಯುವುದು ಎಷ್ಟು ಸುಲಭ! ಏರುವಾಗ ಸತಾಯಿಸಿದ ದಾರಿ ಕಾಲ ಕೆಳಗೆ ತಾನೇ ಸರಿಯುತ್ತಿತ್ತು.

ಹಾಡುತ್ತಾ ಏರುವ ಶೆರ್ಪಾಗಳ ರಕ್ತ ತುಂಬಾ ಗಟ್ಟಿ ಇರಬೇಕು ಅಂತ ನಾನಂದೆ. ಡಾಕ್ಟ್ರು ಅಲ್ಲ ಅಂತ ತಲೆಯಾಡಿಸಿದರು. ನಮ್ಮಂಥವರಲ್ಲಿ ಆಮ್ಲಜನಕ ಇಳಿದರೆ ಹಿಫ್ ಎಂಬ ಪ್ರೋಟೀನ್ ಎಚ್ಚೆತ್ತು, ಎರಿಥ್ರೋಪೊಯಿಟಿನ್ ಹಾರ್ಮೋನ್ ಹೆಚ್ಚಿಸಿ, ಕೆಂಪು ರಕ್ತಕಣ ಬೆಳೆಸುತ್ತದೆ. ಜೀವಕೋಶ ಆಮ್ಲಜನಕವನ್ನು ಗ್ರಹಿಸುವ ಈ ಬಗೆಯನ್ನು ಬಿಡಿಸಿದ್ದಕ್ಕೆ ಕೇಲಿನ್, ರಾಟ್‌ಕ್ಲಿಫ್, ಸೆಮೆಂಝಾ ಅವರಿಗೆ 2019ರ ನೊಬೆಲ್ ಬಂತು. ಟಿಬೆಟನ್ನರು ಮತ್ತು ಶೆರ್ಪಾಗಳಲ್ಲಿ ಇದೇ ವ್ಯವಸ್ಥೆಯ ಇಪಾಸ್1 ಎಂಬ ಜೀನ್ ಬೇರೆ ರೂಪದಲ್ಲಿದೆ. ಅವರ ರಕ್ತ ಅಷ್ಟಾಗಿ ದಪ್ಪವಾಗುವುದೇ ಇಲ್ಲ. ರಕ್ತ ತೀರಾ ಗಟ್ಟಿಯಾದರೆ ಹರಿಯುವುದೂ ಕಷ್ಟ.

ಊಟದ ಹೊತ್ತಿಗೆ ಮೇಷ್ಟ್ರು ಮುಂದಿನ ವರ್ಷ ಮತ್ತೆ ಬರುವ ಮಾತು ತೆಗೆದರು. ಡಾಕ್ಟ್ರು ಮೂರು ಷರತ್ತು ಹಾಕಿದರು: ಇನ್ನೆರಡು ದಿನ ಜಾಸ್ತಿ ತಂಗಬೇಕು, ಹತ್ತುವ ಹಿಂದಿನ ದಿನದಿಂದಲೇ ಡೈಮಾಕ್ಸ್ ಶುರುಮಾಡಬೇಕು, ತಲೆನೋವು ಬಂದರೆ ಆ ಕ್ಷಣ ಹೇಳಬೇಕು. ಮೊದಲೆರಡಕ್ಕೆ ಮೇಷ್ಟ್ರು ಒಪ್ಪಿದರು. ಮೂರನೆಯದಕ್ಕೆ, ಎಷ್ಟು ನೋವಿದ್ದರೆ ಹೇಳಬೇಕು, ಹತ್ತಕ್ಕೆ ಎರಡೋ ಮೂರೋ ಅಂತ ಚೌಕಾಸಿ ನಡೆಸಿದ್ದರು.